ಹರಿನಾಥರ ಅಪೇಕ್ಷೆ

ಬಂದವರ ಕಾಲಿಗೆ ಹರಿನಾಥರು ಇಡೀ ಕೊಡವನ್ನೇ ಬಗ್ಗಿಸಿಬಿಟ್ಟರು. ಬಾಗಿಲ ಹಿಂದೆ ಹೆಂಡತಿ ಮನೋರಮಾ ಎದೆ ಹಿಡಿದುಕೊಂಡರು. ತೊಂಬತ್ತೆರಡರ ಏಪ್ರಿಲ್, ಬಾವಿಯಲ್ಲಿ ಕಪ್ಪೆಯ ಮೊಣಕಾಲೂ ಮುಳುಗದಷ್ಟು ನೀರು. ಅಂಗಳದ ತೊಟ್ಟಿ ತುಂಬಿದ್ದು ಬೆಳಿಗ್ಗೆ ತಾಯಿ ಮಗಳು ನೆರೆಯ ಕ್ಲೆಟಸ್ ಪೊರ್ಬುಗಳ ಬಾವಿಯಿಂದ ಹೊತ್ತು ತಂದ ನಲವತ್ತು ಕೊಡದಿಂದ.

ಆದರೆ ಹುಡುಗನ ಕಡೆಯವರ ಮುಂದೆ ಕೈ ಬಿಗಿ ಹಿಡಿಯುವುದುಂಟೆ? ಹೋದ ವರ್ಷ ಮಗಳು ಕಮಲಳನ್ನು ನೋಡಲು ಬಂದವರಿಗೆ ಕಾಲು ತೊಳೆಯಲು ಅರ್ಧ ಚೆಂಬು ಕೊಟ್ಟದ್ದಕ್ಕೇ ಸಂಬಂಧ ಮುರಿದಿತ್ತು. ನಲ್ಲಿಗೆಂದು ಪಂಚಾಯತಿಗೆ ಅರ್ಜಿ ಹಾಕಿ ಮೂರು ವರ್ಷವಾದರೂ ಅಲ್ಲಿಂದ ಗಾಳಿ ಕೂಡ ಬಂದಿರಲಿಲ್ಲ.

ಇವತ್ತು ನೀಲೇಶ್ವರದಿಂದ ಹುಡುಗನ ಸೋದರಮಾವ ಬರಬೇಕಿತ್ತು. ಹನ್ನೊಂದಕ್ಕೆಂದವರು ಹತ್ತಕ್ಕೇ ಹಾಜರು. ಒಬ್ಬರೇ, ಕಂಕುಳಲ್ಲಿ ಚೀಲ, ಬಾಯಲ್ಲಿ ಮಲಯಾಳ ಬೆರೆತ ಕನ್ನಡ.

"ನಿಮ್ಮ ಅಪೇಕ್ಷೆ ಉಂಟಲ್ಲ, ಅದಕ್ಕೇ ಬಂದದ್ದು."

"ನಮ್ಮದು ಎಂತ ದೊಡ್ಡ ಅಪೇಕ್ಷೆ? ಮಗಳು ಸುಖವಾಗಿದ್ದರೆ ಸಾಕು!"

ಬಂದವರು ಹುಡುಗಿಯ ಮಾತೇ ಎತ್ತದೆ ನೇರ ಬಾವಿಕಟ್ಟೆಗೆ ನಡೆದರು. ಹರಿನಾಥರ ಜೀವ ಬಾಯಿಗೆ ಬಂತು. ಓಡಿ ಅಡ್ಡ ನಿಂತರು.

"ಅಲ್ಲಿ ಬೇಡ, ಜಾರ್ತದೆ. ನೀರು ಜಾಸ್ತಿ ಅಲ್ವಾ, ಬರೀ ಪಾಚಿ!"

"ಬರುವ ಮೇ ತಿಂಗಳಲ್ಲೂ ಇಷ್ಟೇ ಇರ್ತದಾ?"

"ಬಗ್ಗಿ ಕೈಯಲ್ಲೇ ಮೊಗೆಯಬಹುದು ಮಾರಾಯ್ರೆ."

"ಸ್ನಾನಕ್ಕೆಲ್ಲ ಸಾಕಾಗ್ತದಾ?"

"ಕಮಲಳಿಗೆ ದಿನಕ್ಕೆ ಎರಡು ಸ್ನಾನ. ಎಮ್ಮೆಗೆ ಮೂರು!"

ಅವರು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಸೊಸೆಯಾಗುವವಳ ಬಗ್ಗೆ ಎಷ್ಟೊಂದು ಕಾಳಜಿ! ಹರಿನಾಥರು ಉಬ್ಬಿಹೋದರು. ಹುಮ್ಮಸ್ಸಿನಲ್ಲಿ ಎಮ್ಮೆಯನ್ನೇ ಎಳೆತಂದು, ತೊಟ್ಟಿಯ ತಳ ಕಾಣುವ ತನಕ ಅದರ ಬೆನ್ನಿಗೆ ನೀರು ಸುರಿದರು. ಎಮ್ಮೆ ಹುಟ್ಟಿದಂದಿನಿಂದ ಇಂಥ ಸುಖ ಕಂಡಿರಲಿಲ್ಲ. ಕಮಲ ಸೆರಗು ಬಾಯಿಗೊತ್ತಿ ನಕ್ಕಳು.

"ಈ ಬೇಸಗೆಯಲ್ಲಿ ಇಂಥ ಮನೆ ನಾನು ಕಂಡದ್ದೇ ಇಲ್ಲ," ಎಂದು ಬಂದವರು ಚೀಟಿಯೊಂದನ್ನು ಬರೆದು, ಮಡಚಿ ಕೊಟ್ಟು ಹೊರಟರು. ಹುಡುಗನ ನಕ್ಷತ್ರ, ರಾಶಿಯೇ ಇರಬೇಕು! ಹರಿನಾಥರು ಅದನ್ನು ಕಣ್ಣಿಗೊತ್ತಿಕೊಂಡು ಹೆಂಡತಿಯ ಕೈಗಿತ್ತರು.

ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು. ಧೂಳು ಕೊಡವುತ್ತ ಇಳಿದ ಹಿರಿಯರೊಬ್ಬರು ನಕ್ಕರು. "ನಾನು ನೀಲೇಶ್ವರದಿಂದ, ಹುಡುಗನ ಮಾವ. ಮೊದಲು ಕಾಲಿಗೆ ಒಂದಿಷ್ಟು ನೀರು ಕೊಡಿ."

ಒಳಗೆ ಮನೋರಮಾ ಚೀಟಿ ಬಿಡಿಸಿದರು. ಮೇಲೆ ಪಂಚಾಯತಿಯ ಹೆಸರು ಅಚ್ಚಾಗಿತ್ತು; ಕೆಳಗೆ, ಅರ್ಜಿಗೆ 'ಅಪೇಕ್ಷೆ' ಎನ್ನುವ ಅದೇ ಮಲಯಾಳ ಬೆರೆತ ಕನ್ನಡದ ಕೈಬರಹದಲ್ಲಿ: "ನಲ್ಲಿಗಾಗಿ ಸಲ್ಲಿಸಿದ ಅಪೇಕ್ಷೆ ತಳ್ಳಿಹಾಕಲಾಗಿದೆ. ಕಾರಣ: ಎಮ್ಮೆಗೆ ದಿನಕ್ಕೆ ಮೂರು ಸ್ನಾನ."