ಸತ್ತ ಮೀನಿನ ಮೂಲೆ

ಕೊನೆಯ ಕಲ್ಲನ್ನು ಅಂಬುಜಮ್ಮನೇ ಎತ್ತಿ ಚರಂಡಿಯ ಬಾಯಿಗೆ ತುರುಕಿದಳು. ಮೈದುನ ಕೆಂಪರಾಜು ಅದರ ಮೇಲೆ ಜೇಡಿಮಣ್ಣು ಮೆತ್ತಿ ಹಾರೆಯಿಂದ ಗುದ್ದಿದ. ಇನ್ನು ಅಕ್ಬರಿ ಬೇಗಂಳ ನೂಲು ಬಿಚ್ಚುವ ಫಿಲೇಚರಿನಿಂದ ಒಂದು ಹನಿಯೂ ಕೆರೆಗೆ ಇಳಿಯುವಂತಿರಲಿಲ್ಲ.

ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚಿದ ನೀರು ಅದು. ಕಂದು ಬಣ್ಣ, ಮೂಗು ಮುಚ್ಚಿಕೊಳ್ಳುವಂಥ ನಾತ. ಈ ವರ್ಷ ಊರಿನ ಹುಳುವಿನ ಬೆಳೆ ಕೈಗೆ ಬಂದು ಗೂಡು ಮಾರುಕಟ್ಟೆಗೆ ಹೋದಾಗಲೆಲ್ಲ ಕೆರೆಯ ಮೀನು ಸತ್ತಿದ್ದವು. ಹೆಣಗಳು ಸಿಗುತ್ತಿದ್ದುದು ಮೂಡಣ ದಂಡೆಯ ಈ ಚರಂಡಿಯ ಮೂಲೆಯಲ್ಲೇ. ಪಡುವಣ ಗಾಳಿ ಕಸಕಡ್ಡಿಯನ್ನೆಲ್ಲ ತಂದು ಗುಡ್ಡೆ ಹಾಕುವ ಮೂಲೆ. ದನಗಳು ನೀರು ಮೂಸಿ ಹಿಂದೆ ಸರಿಯುತ್ತಿದ್ದವು. ಕೆರೆ ಕೆಟ್ಟರೆ ಹಿಪ್ಪುನೇರಳೆ ತೋಟಕ್ಕೆ ನೀರಿಲ್ಲ, ಸೊಪ್ಪಿಲ್ಲದೆ ಹುಳುವಿಲ್ಲ. ಸೊಸೆ ಭಾನುಪ್ರಿಯ ಕೂಲಿಗೆ ಹೋಗಲು ಹಾರೋಹಳ್ಳಿ ಕಾರ್ಖಾನೆಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಆಗಲೇ ವಿಚಾರಿಸಿಕೊಂಡಿದ್ದಳು.

ಸದ್ದು ಕೇಳಿ ಅಕ್ಬರಿ ಹೊರಗೆ ಬಂದಳು.

"ನಾನು ಬೇಯ್ಸೋದು ನಿಮ್ ಗೂಡೇ ಅಲ್ವಾ ಅಂಬುಜಕ್ಕ? ನಮ್ಮಪ್ಪನ ಕಾಲದಿಂದ ಇದೇ ನೀರು, ಇದೇ ಚರಂಡಿ. ಆಗ ಸಾಯ್ದೇ ಇದ್ದ ಮೀನು ಈಗ್ಯಾಕೆ ಸಾಯ್ತವೆ?"

"ಆಗ ಕೆರೆ ತುಂಬಿತ್ತು, ತಡ್ಕೋತಿತ್ತು. ಈಗ ಉಳ್ದಿರೋದೇ ಒಸಿ ನೀರು."

"ಮೀನುಗಳ್ನೇ ಕೇಳ್ಬುಡಿ ಬೇಗಮ್ಮನೋರೆ," ಎಂದ ಕೆಂಪರಾಜು. "ನಿಮ್ ಬಾಗ್ಲಿಗೇ ಬಂದು ಸತ್ತವೆ."

ಅಕ್ಬರಿ ಅವನ ಕಡೆ ನೋಡಲಿಲ್ಲ. "ನನ್ ತಾವ ನೂಲು ಬಿಚ್ಚೋ ಹೆಂಗಸ್ರು ಏನ್ ಮಾಡ್ಬೇಕಕ್ಕ?"

ಅವರೆಲ್ಲ ಅಂಬುಜಮ್ಮನಿಗೆ ಗೊತ್ತಿದ್ದವರೇ. ಬಣ್ಣ ಹಾರಿ ಬೆಳ್ಳಗೆ ಮಚ್ಚೆ ಬಿದ್ದಿದ್ದ ಸೆರಗಿನಿಂದ ಬೆವರು ಒರೆಸಿಕೊಂಡಳು.

"ಕೆರೆ ಹೋದ್ರೆ ನಾವೇನ್ ಮಾಡ್ಬೇಕು, ಅದ್ನೂ ನೀನೇ ಹೇಳು. ನಮ್ ಕಡೆಯಿಂದ ಕೊಳಕು ಬಂದೈತಾ? ನಾವು ಎಷ್ಟು ಚೊಕ್ಕಟವಾಗಿ ಹುಳ ಸಾಕ್ತೀವಿ ಅಂತ ನಿಂಗೆ ಗೊತ್ತಿಲ್ವಾ?"

ಅದು ಸುಳ್ಳಲ್ಲ. ಹೋದ ವರ್ಷ ಹುಳುಗಳಿಗೆ ರೋಗ ಬಿದ್ದು, ಕಪ್ಪಗೆ ಕೊಳೆತು, ಊರಿಗೂರೇ ಬೆಳೆ ಕಳೆದುಕೊಂಡಿತ್ತು. ಆಮೇಲೆ ಎಲ್ಲರೂ ಅರಳಿಕಟ್ಟೆಯಲ್ಲಿ ಕೂತು ಕಟ್ಟುಪಾಡು ಮಾಡಿಕೊಂಡರು. ಕಾಲು ತೊಳೆಯದೆ ಯಾರೂ ಹುಳುಮನೆಗೆ ಹೋಗುವಂತಿಲ್ಲ. ಬೆಳೆ ಇಳಿದ ಮೇಲೆ ಹುಳು ಸಾಕಿದ ತಟ್ಟೆಗಳನ್ನು ಅಂಗಳದಲ್ಲಿ ತೊಳೆಯುವಂತಿಲ್ಲ, ಎಲ್ಲ ಮನೆಯವರೂ ಒಂದೇ ದಿನ ಊರಾಚೆ ಒಯ್ದು ತೊಳೆಯಬೇಕು. ಅಂದಿನಿಂದ ಒಂದು ಹುಳುವಿಗೂ ರೋಗ ಬಿದ್ದಿರಲಿಲ್ಲ.

ಅಕ್ಬರಿ ಒಲೆ ಆರಿಸಿ ಬೀಗ ಹಾಕಿಕೊಂಡು ರಾಮನಗರದ ಅಣ್ಣನ ಮನೆಗೆ ಹೋದಳು. ನೂಲು ಬಿಚ್ಚುವ ಹೆಂಗಸರು ಕೆಲ ದಿನ ಆ ಬೀಗದ ಮುಂದೆ ಬಂದು ಕೂತರು. ಆಮೇಲೆ ಅವರೂ ಬರಲಿಲ್ಲ. ಚರಂಡಿ ಒಣಗಿ ಬಿರುಕುಬಿಟ್ಟಿತು. ಕೆರೆಯಲ್ಲಿ ಮತ್ತೆ ಮರಿಮೀನು ಓಡಾಡತೊಡಗಿದವು. ಹಸು ಬಾಯಿಟ್ಟು ನೀರು ಕುಡಿದ ದಿನ ಅಂಬುಜಮ್ಮ ದಂಡೆಯಲ್ಲೇ ಕೂತು ಅತ್ತಳು.

ಮುಂದಿನ ಬೆಳೆ ಇಳಿಯಿತು. ಗೂಡು ಮಾರುಕಟ್ಟೆಗೆ ಹೋಯಿತು. ಆ ದಿನ ಅರಳಿ ಮರದ ಎಲೆಯೂ ಅಲುಗುತ್ತಿರಲಿಲ್ಲ. ಊರ ಹೆಂಗಸರೆಲ್ಲ ತಟ್ಟೆಗಳನ್ನು ಹೊತ್ತು ಕೆರೆಯ ಪಡುವಣ ಸೋಪಾನಕ್ಕೆ ಇಳಿದರು.

"ಈ ಸಲ ಒಂದು ಮೀನೂ ಸಾಯಾಕಿಲ್ಲ, ನೋಡ್ತಿರು," ಎಂದಳು ಅಂಬುಜಮ್ಮ, ಮೊಣಕಾಲುದ್ದ ನೀರಿನಲ್ಲಿ ನಿಂತು.

"ಬ್ಲೀಚಿಂಗ್ ಪೌಡರ್ ಇಷ್ಟು ಸಾಕಾ ಅತ್ತೆ?" ಭಾನುಪ್ರಿಯ ಚೀಲ ಹಿಡಿದು ಕೇಳಿದಳು.

"ಪೂರ್ತಿ ಸುರಿ. ರೋಗದ ಬೇರೇ ಉಳೀಬಾರ್ದು."

ಕಣ್ಣು ಉರಿಯಿತು. ಅಂಬುಜಮ್ಮ ಹಲ್ಲು ಕಚ್ಚಿ ತಟ್ಟೆ ಉಜ್ಜಿದಳು. ಬೆಳ್ಳನೆಯ ನೀರು ಎಲ್ಲಿಗೂ ಹರಿಯದೆ ಅವಳ ಕಾಲ ಸುತ್ತಲೇ ನಿಂತಿತು. ಮೊಣಕಾಲಿಗೆ ತಣ್ಣಗೆ ಏನೋ ತಗುಲಿತು. ಬಗ್ಗಿ ನೋಡಿದಳು.

ಮೀನೊಂದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಇವತ್ತು ಅದನ್ನು ಅಕ್ಬರಿಯ ಬಾಗಿಲಿಗೆ ಮುಟ್ಟಿಸಲು ಗಾಳಿಯಿರಲಿಲ್ಲ.