ಎರಡನೇ ಬೆಂಚಿನ ಹೂಂ

ಮಗಳಿಗೆ ಕೆಮಿಸ್ಟ್ರಿ ಹೇಳಿಕೊಡುವವರು ಬೇಕೆಂದು ಬಾಗಿಲು ತಟ್ಟಿದ ಹೆಂಗಸು ಸ್ವತಃ ಕೆಮಿಸ್ಟ್ರಿ ಟೀಚರು. ಮಗಳು ಓದುವುದು ಅವರದೇ ಶಾಲೆಯಲ್ಲಿ, ಕೂರುವುದು ಅವರದೇ ಕ್ಲಾಸಿನಲ್ಲಿ. ಗೇಟು ದಾಟಿದ ಮೇಲೆ ಅಮ್ಮ ಎನ್ನಕೂಡದು, ಮಿಸ್ ಎನ್ನಬೇಕು ಎಂಬ ಕಟ್ಟಪ್ಪಣೆ ಬೇರೆ. ಮೊನ್ನೆಯ ಪರೀಕ್ಷೆಯಲ್ಲಿ ಅವಳನ್ನು ಫೇಲು ಮಾಡಿದ ಕೆಂಪು ಪೆನ್ನೂ ಅವರದೇ.

"ದಯವಿಟ್ಟು ಯಾರಿಗೂ ಹೇಳಬೇಡಿ," ಎಂದರು ಟೀಚರು, ಇನ್ನೂ ಚಪ್ಪಲಿ ಬಿಡುವ ಮೊದಲೇ.

ಟ್ಯೂಷನ್ ಹೇಳುವಾಕೆ ಇವರಿಗಿಂತ ಚಿಕ್ಕವಳು. ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದವಳು, ಮಗುವಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಊಟದ ಮೇಜಿನ ಮೇಲೆ ಕಂಬಳಿ ಹಾಸಿ, ಮನೆಮಂದಿಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

"ಬೇರೆ ಯಾರನ್ನೂ ವಿಚಾರಿಸಲಿಲ್ವಾ ಅಕ್ಕ?"

"ಇಬ್ಬರನ್ನ ನೋಡಿ ಬಂದೆ. ಒಬ್ಬರು ಕಾರ್ ಶೆಡ್ಡಲ್ಲಿ ಮಕ್ಕಳನ್ನ ಕುರಿ ಹಾಗೆ ತುಂಬಿ ಮೈಕಲ್ಲಿ ಪಾಠ ಮಾಡ್ತಾರೆ. ಇನ್ನೊಬ್ಬರು ತೊಂಬತ್ತಕ್ಕೆ ಕಮ್ಮಿ ಬರಲ್ಲ ಅಂತ ಗ್ಯಾರಂಟಿ ಕೊಡ್ತಾರಂತೆ, ಮಿಕ್ಸಿಗೆ ಕೊಟ್ಟ ಹಾಗೆ!"

"ಮತ್ತೆ ನೀವೇ ಹೇಳಿಕೊಡಬಹುದಲ್ಲ?"

"ಹಿತ್ತಲ ಗಿಡ ಮದ್ದಲ್ಲಮ್ಮ. ಕ್ಲಾಸಲ್ಲೂ ಹೂಂ ಅಂತಾಳೆ, ಮನೇಲೂ ಹೂಂ ಅಂತಾಳೆ, ಪೇಪರ್ ನೋಡಿದ್ರೆ ಸೊನ್ನೆ. ಇವಳೊಬ್ಬಳೇ ಅಲ್ಲ ಬಿಡಿ, ಈ ವರ್ಷದ ಕ್ಲಾಸಿಗೆ ಕ್ಲಾಸೇ ಮೊದ್ದು."

ಪಕ್ಕದಲ್ಲಿ ನಿಂತಿದ್ದ ಮಗಳು ಅದಕ್ಕೂ ತಲೆಯಾಡಿಸಿದಳು. ಟ್ಯೂಷನ್ನಿನಾಕೆ ಅದನ್ನು ನೋಡಿ, "ಒಂದು ಗಂಟೆ ಪಾಠ ಮಾಡಿ ನೋಡ್ತೀನಿ. ನೀವು ಒಳಗೆ ನಮ್ಮತ್ತೆ ಹತ್ರ ಕೂತಿರಿ," ಎಂದಳು.

ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಟೀಚರು ಕಿವಿಯನ್ನೆಲ್ಲ ಹೊರಗಿಟ್ಟು ಕೂತರು. ಹೊರಗೆ ಪಾಠವೇನೋ ನಡೆದಿತ್ತು, ಆದರೆ ಇಸ್ತ್ರಿಪೆಟ್ಟಿಗೆಯ ಸದ್ದೂ ನಿಂತಿರಲಿಲ್ಲ. ಇದೆಂಥ ಟ್ಯೂಷನ್ನು, ಹುಡುಗಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲವಲ್ಲ ಎಂದು ಅವರಿಗೆ ಸಿಟ್ಟೇ ಬಂತು.

ಮಗಳಿಗೂ ಹಾಗೇ ಅನಿಸಿರಬೇಕು. "ಆಂಟಿ, ನೀವು ನನ್ನ ನೋಡೋದೇ ಇಲ್ವಲ್ಲ?" ಎಂದದ್ದು ಕೇಳಿಸಿತು.

"ನೋಡಿದ್ರೆ ನೀನು ಕೋಲೆ ಬಸವನ ಹಾಗೆ ತಲೆ ಆಡಿಸ್ತೀಯ. ನಾನು ಈ ಶರ್ಟನ್ನೇ ನೋಡ್ತಿರ್ತೀನಿ. ಏನು ಅರ್ಥ ಆಗ್ಲಿಲ್ಲ, ಹೇಳು."

ಪುಸ್ತಕದ ಹಾಳೆ ತಿರುಗಿದ ಸದ್ದು. ಆಮೇಲೆ ಮಗಳ ದನಿ ಬಂತು. "ಜಲಜನಕ, ಆಮ್ಲಜನಕ ಸೇರಿದ್ರೆ ನೀರು. ಎರಡೂ ಕಡೆ ಲೆಕ್ಕ ಸರಿದೂಗಬೇಕು ಅಂತಾರೆ. ಮುಂದೆಲ್ಲ ನಂಬರ್ ಹಾಕಿ ಒದ್ದಾಡೋ ಬದಲು, ನೀರಿನ ಸೂತ್ರದಲ್ಲಿ ಆಮ್ಲಜನಕದ ಕೆಳಗೇ 2 ಅಂತ ಬರೆದುಬಿಟ್ರೆ ಆಗಲ್ವಾ?"

"ಲೆಕ್ಕವೇನೋ ಸರಿಹೋಗುತ್ತೆ. ಆದ್ರೆ ಅದು ನೀರಾಗಿ ಉಳಿಯಲ್ಲ, ಗಾಯ ತೊಳೆಯೋ ಪೆರಾಕ್ಸೈಡ್ ಆಗುತ್ತೆ. ಕುಡಿದ್ರೆ ಗಂಟಲು ಸುಡುತ್ತೆ. ಲೆಕ್ಕ ಹೊಂದ್ಲಿ ಅಂತ ವಸ್ತುವನ್ನೇ ಬದಲಾಯಿಸೋ ಹಾಗಿಲ್ಲ ಮರಿ."

"ಓ!" ಎಂದಳು ಮಗಳು.

ಆ "ಓ" ಕೇಳಿ ಟೀಚರು ಕುರ್ಚಿಯ ಅಂಚಿಗೆ ಸರಿದರು. ಎರಡೂ ಕಡೆ ಸರಿದೂಗಿಸುವುದು ವರ್ಷದ ಮೊದಮೊದಲ ಪಾಠ, ಮುಂದಿನದೆಲ್ಲ ನಿಂತಿರುವುದೇ ಅದರ ಮೇಲೆ. ಎಂಥ ಒಳ್ಳೆಯ ಪ್ರಶ್ನೆ! ಅದು ಹುಟ್ಟಿದ್ದು ತಮ್ಮ ಮನೆಯಲ್ಲಿ, ಬಾಯಿಗೆ ಬಂದದ್ದು ಯಾರದೋ ಮನೆಯಲ್ಲಿ.

"ಇದನ್ನ ಕ್ಲಾಸಲ್ಲೇ ಕೇಳಬಹುದಿತ್ತಲ್ಲ?" ಎಂದಳು ಟ್ಯೂಷನ್ನಿನಾಕೆ.

"ಹೇಗೆ ಕೇಳಲಿ ಆಂಟಿ? ಪಾಠ ಮುಗಿದ ತಕ್ಷಣ ಅಮ್ಮ ನನ್ನ ಮುಖ ನೋಡ್ತಾರೆ. ನಾನು ತಲೆ ಆಡಿಸಿದ್ರೆ ಮುಂದಿನ ಪಾಠ. ಆಡಿಸದಿದ್ರೆ, ಟೀಚರ್ ಮಗಳಿಗೇ ಅರ್ಥ ಆಗ್ಲಿಲ್ಲ ಅಂತ ಎಲ್ಲ ನಗ್ತಾರೆ. ನನ್ನ ನೋಡಿ ಅಲ್ಲ, ಅಮ್ಮನ್ನ ನೋಡಿ."

"ಮತ್ತೆ ಉಳಿದವರು?"

"ಅವರು ನನ್ನ ನೋಡಿ ತಲೆ ಆಡಿಸ್ತಾರೆ."

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎಂಬುದು ಟೀಚರ ನಂಬಿಕೆ. ಎರಡನೇ ಬೆಂಚಿನಲ್ಲಿ ಕೂತ ಮಗಳ ಆ ಒಂದು ಮುಖ ನೋಡಿಕೊಂಡೇ ಅವರು ವರ್ಷವಿಡೀ ಪುಟ ತಿರುಗಿಸಿದ್ದರು. ಆ ಅಗುಳು ಅಮ್ಮನ ಮಾನಕ್ಕಾಗಿ ಬೆಂದಂತೆ ನಟಿಸುತ್ತಿತ್ತು ಎಂದು ಈಗ ತಿಳಿಯಿತು. ನಾಚಿಕೆಯೂ ಆಯಿತು, ಮಗಳ ಮೇಲೆ ಹೇಳಲಾರದಷ್ಟು ಪ್ರೀತಿಯೂ ಉಕ್ಕಿತು.

ಹೊರಡುವಾಗ ಟ್ಯೂಷನ್ನಿನಾಕೆ ಬಾಗಿಲವರೆಗೆ ಬಂದಳು. "ಇವಳನ್ನ ಬೇಕಾದ್ರೆ ಕಳಿಸಿ ಅಕ್ಕ. ಆದ್ರೆ ಇಡೀ ಕ್ಲಾಸನ್ನ ಕೂರಿಸೋಕೆ ನಮ್ಮನೆ ಹಾಲ್ ಸಾಲದು."

ಮರುದಿನ ಟೀಚರು ಪಾಠ ಮುಗಿಸಿದರು. ಅಭ್ಯಾಸಬಲ, ಕಣ್ಣು ಎರಡನೇ ಬೆಂಚಿನ ಕಡೆ ಹೋಯಿತು. ಅಲ್ಲಿ ಮಗಳ ತಲೆ ಆಗಲೇ ಅಲ್ಲಾಡಲು ಸಿದ್ಧವಾಗಿತ್ತು. ಟೀಚರು ತಟ್ಟನೆ ಬೋರ್ಡಿನ ಕಡೆ ತಿರುಗಿ, ಕ್ಲಾಸಿಗೆ ಬೆನ್ನು ಹಾಕಿ ನಿಂತರು.

"ಯಾರಿಗೆ ಅರ್ಥ ಆಗಿಲ್ಲ? ನಾನು ತಿರುಗಿ ನೋಡಲ್ಲ. ಹೇಳಿ."

ಯಾರದೋ ಪೆನ್ನು ಬಿತ್ತು. ಹಿಂದಿನ ಬೆಂಚಿನಿಂದ ಒಂದು ಒಡಕು ದನಿ ಬಂತು. "ನಂಗೆ, ಮಿಸ್." ಕಿಟಕಿಯ ಕಡೆಯಿಂದ ಇನ್ನೊಂದು. "ನಂಗೂ ಮಿಸ್." "ನಂಗೆ ಮೊದಲಿಂದಾನೇ, ಮಿಸ್." ಆಮೇಲೆ ಯಾರದು ಯಾವುದು ಎಂದು ತಿಳಿಯದಷ್ಟು ದನಿಗಳು. ಅವೆಲ್ಲ ಅಡಗಿದ ಮೇಲೆ, ಎರಡನೇ ಬೆಂಚಿನಿಂದ ಮೆಲ್ಲಗೆ ಕೇಳಿಸಿತು.

"ನಂಗೂ ಅರ್ಥ ಆಗಿಲ್ಲ, ಅಮ್ಮಾ."

ಯಾರೂ ನಗಲಿಲ್ಲ. ಟೀಚರು ತಿರುಗದೆಯೇ ಡಸ್ಟರ್ ಎತ್ತಿಕೊಂಡು ಇಡೀ ಬೋರ್ಡನ್ನು ಒರೆಸಿದರು.