ಮುತ್ತು ಕಟ್ಟುವವಳು

ಹಿರೇಕೆರೂರಿನ ಬಸ್ಸು ಮಾಸೂರಿನಲ್ಲಿ ಪೂರ್ತಿ ನಿಲ್ಲುವ ಮೊದಲೇ ಶಿದ್ಲಿಂಗಪ್ಪಗೌಡ ಬಾಗಿಲಿಗೆ ಅಡ್ಡ ನಿಂತ. ಕೊರಳಿಗೆ ಮುತ್ತು ಕಟ್ಟಿ ಹುಡುಗಿಯರನ್ನು ದೇವಿಗೆ ಬಿಡಬಾರದೆಂದು ಕಾಯ್ದೆ ಬಂದು ಎರಡು ವರ್ಷವಾಗಿತ್ತು. ತಡೆಯಲು ಯಾವುದೋ ಸಂಘದ ಹೆಂಗಸೊಬ್ಬಳು ಬರುತ್ತಾಳೆಂದು ಗೌಡನಿಗೆ ಸುದ್ದಿ ಮುಟ್ಟಿತ್ತು. ದುರಗವ್ವನ ಗುಡಿಸಲು ಗೌಡನ ಹೊಲದಲ್ಲಿತ್ತು. ಅವಳ ಮಗಳು ಹುಚ್ಚವ್ವನಿಗೆ ಇಂದೇ ಮುತ್ತು. ದೇವಿಗೆ ಬಿಟ್ಟ ಹುಡುಗಿ ಯಾರ ಪಾಲಾಗುತ್ತಾಳೆಂದು ಊರಿಗೆಲ್ಲ ಗೊತ್ತಿತ್ತು.

ಮೊದಲು ಇಳಿಯಲು ಬಂದವಳು ಕನ್ನಡಕದ ಹೆಂಗಸು. ಇಸ್ತ್ರಿ ಸೀರೆ, ಹೆಗಲಿಗೆ ಚೀಲ.

"ಹೆಸರೇನ್ರಿ ಬಾಯಾರ?"

"ಮನೋರಮಾ."

"ಸುಧಾರಣಾ ಮಾಡಾಕ ಬಂದೀರೇನು?"

"ಹೌದ್ರಿ."

"ನಿಮ್ಮ ಓಣ್ಯಾಗ ತಲಿ ಬೋಳಿಸಿ ಮೂಲ್ಯಾಗ ಕುಂದ್ರಿಸಿದ ಮುದುಕ್ಯಾರ ಅದಾರಲ್ಲ, ಮೊದ್ಲ ಅವರನ್ನ ಸುಧಾರಿಸಿ ಬರ್ರಿ. ಇಲ್ಲಿ ಇಳದ್ರ ಕಾಲು ಮುರೀತೇನಿ."

ಅವಳು ಹಿಂದಿರುಗಿ ಸೀಟಿನಲ್ಲಿ ಕುಳಿತಳು. ಓದಿದವರ ಧೈರ್ಯ ಇಷ್ಟೇ ಎಂದು ಗೌಡ ಮೀಸೆ ತಿರುವಿದ.

ಅವಳ ಹಿಂದಿದ್ದ ಮುದಿ ಜೋಗತಿ ಇಳಿದಳು. ತಲೆಯ ಮೇಲೆ ದೇವಿಯ ಬುಟ್ಟಿ, ಹಣೆ ತುಂಬ ಅರಿಸಿನದ ಭಂಡಾರ, ಕೊರಳು ಮುಚ್ಚುವಂತೆ ಸೆರಗು. ಬೆನ್ನಿಗೆ ಚೌಡಿಕೆ ಬಾರಿಸುವ ಇಬ್ಬರು ಗಂಡಸರು. ಗೌಡ ಅಡ್ಡಬಿದ್ದ. ಕಾಯ್ದೆಗೆ ಹೆದರಿ ಊರ ಜೋಗತಿ ಊರು ಬಿಟ್ಟು ಓಡಿದ್ದಳು. ಕೊರಳಲ್ಲಿ ಮುತ್ತಿರುವವಳೇ ಇನ್ನೊಬ್ಬಳಿಗೆ ಮುತ್ತು ಕಟ್ಟಬೇಕೆಂಬುದು ಪದ್ಧತಿ.

"ದೇವೀನ ಕಳಿಸ್ಯಾಳ ನಿನ್ನ. ನಡಿಯವ್ವಾ, ಒಂದು ಮುತ್ತಿನ ಕೆಲಸ ಐತಿ."

"ಆ ಕೆಲಸಕ್ಕ ಬಂದೇನಪಾ."

ಕೆರೆಯ ದಂಡೆಯ ಗುಡಿಯಲ್ಲಿ ಹುಡುಗಿ ಮಣೆಯ ಮೇಲೆ ಕುಳಿತಿದ್ದಳು. ದುರಗವ್ವ ಜೋಗತಿಯ ಕಾಲು ಹಿಡಿಯಲಿಲ್ಲ, ಕೈ ಹಿಡಿದಳು. ಚೌಡಿಕೆ ನುಡಿಯಿತು. ತಾಳ ತಪ್ಪುತ್ತಲೇ ಇತ್ತು.

"ಇದನ್ನ ಕೇಳಿದ್ರ ದೇವಿ ಎದ್ದು ಹೋಗ್ತಾಳ," ಗೌಡ ನಕ್ಕ.

"ಹೊಸಬರಪಾ. ಬ್ಯಾರೆ ಕೆಲಸದಾಗ ಪಳಗಿದವರು."

ಜೋಗತಿ ಮುತ್ತಿನ ಸರ ಎತ್ತಿದಳು. "ಈ ಹುಡುಗೀನ ದೇವಿಗೆ ಬಿಡಾಕತ್ತವರು ಯಾರು? ಮಂದಿಗೆ ಕೇಳೂ ಹಂಗ ಹೇಳಬೇಕು. ಪದ್ಧತಿ ಐತಿ."

ಎಲ್ಲರೂ ದುರಗವ್ವನತ್ತ ನೋಡಿದರು. ಅವಳು ಗೌಡನತ್ತ ನೋಡಿದಳು.

"ನಾನು," ಗೌಡ ಎದೆ ಸೆಟೆಸಿದ. "ಸೀರಿ ನಂದು, ಸರ ನಂದು. ಮುಂದ ಹುಡುಗೀನೂ ನಂದ."

ಚೌಡಿಕೆ ನಿಂತಿತು. ಬಾರಿಸುತ್ತಿದ್ದವನು ಗೌಡನ ರಟ್ಟೆ ಹಿಡಿದ. ಇನ್ನೊಬ್ಬ ಜೋಳಿಗೆಯಿಂದ ಕೈಕೋಳ ತೆಗೆದ.

"ಆ ಕನ್ನಡಕದಾಕಿನ್ನ ನಾನ ತಿರುಗಿ ಕಳಿಸಿದ್ನಲ್ಲ," ಗೌಡ ತೊದಲಿದ.

ಜೋಗತಿ ಸೆರಗು ಸರಿಸಿದಳು. ಕೊರಳು ಬರಿದಾಗಿತ್ತು. ಸರ ಉಜ್ಜಿದ ಹಳೆಯ ಕಲೆಯಷ್ಟೇ ಉಳಿದಿತ್ತು.

"ಆಕಿ ನಮ್ಮ ಸಂಘದ ಕಾರಕೂನಳಪಾ. ಸಂಘ ನಂದು."